ಸುಣ್ಣದ ಚುಕ್ಕೆ, ಇದ್ದಿಲ ಚುಕ್ಕೆ

“ಮಸೂದೆಯ ಪರ ಇರುವವರು ಎದ್ದು ನಿಲ್ಲಿ” ಎಂದು ಸಭಾಧ್ಯಕ್ಷರು ಹೇಳಿದರೂ ಶಾಸಕ ದಾಮೋದರಪಂತರು ಕೂತೇ ಇದ್ದರು. ಕಣ್ಣು ಮಾತ್ರ ಮೇಲಿನ ಗ್ಯಾಲರಿಯತ್ತ ಹೊರಳಿತು. ಅಲ್ಲಿ ಗ್ರಾಂಟ್ ರೋಡಿನ ಬಾಡಿಗೆ ಮನೆಗಳ ಚಾಳಿನ ಮಹಿಳಾ ಸಂಘದ ಕಾಶವ್ವ ಎರಡು ಬೆರಳು ಎತ್ತಿ ಹಿಡಿದಿದ್ದಳು. ಒಂದಕ್ಕೆ ಸುಣ್ಣ, ಇನ್ನೊಂದಕ್ಕೆ ಇದ್ದಿಲು.

ಚಾಳಿನವರೆಲ್ಲ ನೀರು ಹಿಡಿಯುವ ನಳದ ಗೋಡೆಯ ಮೇಲೆ ಪಂತರ ಹೆಸರಿತ್ತು. ಅವರು ಬಾಡಿಗೆದಾರರ ಪರ ನಿಂತ ದಿನ ಸಂಘದವರು ಅದರ ಕೆಳಗೆ ಸುಣ್ಣದ ಚುಕ್ಕೆ ಇಡುತ್ತಿದ್ದರು, ವಿರುದ್ಧ ನಿಂತ ದಿನ ಇದ್ದಿಲಿನದು. ಈವರೆಗಿನ ನಾಲ್ಕೂ ಕಪ್ಪೇ. ಬಾಡಿಗೆದಾರರನ್ನು ಕಾಯುವ ಇಂದಿನ ಮಸೂದೆ ಬಿದ್ದರೆ ಚಾಳಿನ ಮಾಲೀಕ ನಲವತ್ತು ಮನೆಯವರನ್ನೂ ಬೀದಿಗೆ ಹಾಕುವವನಿದ್ದ.

“ಅವ್ರು ಏಳ್ತಾರಾ, ಅಕ್ಕಾ?” ಪಕ್ಕದ ನೀಲಾವತಿ ಪಿಸುಗುಟ್ಟಿದಳು.

“ಏಳದ ಏನ್ ಮಾಡ್ತಾನ? ಓಟ್ ಕೇಳಾಕ ಆ ನಳದ ಮುಂದನ ಬರಬೇಕಲ್ಲ!”

ಅಜ್ಜಿಕಥೆಯಲ್ಲಿ ಶಾಪ ಬಿದ್ದು ಕಲ್ಲಾದ ಅರಸ ಅಲುಗಿದ ಹಾಗೆ ಪಂತರು ಮೆಲ್ಲಗೆ ಎದ್ದರು. ಅವರನ್ನು ನೋಡಿ ಹಿಂದಿನ ಸಾಲಿನ ಮೂವರು ಶಾಸಕರೂ ಎದ್ದರು. ಮಸೂದೆ ಗೆದ್ದಿತು.

ಇಲ್ಲಿ ಚಪ್ಪಾಳೆ ತಟ್ಟುವಂತಿಲ್ಲ ಎಂದು ಕಾವಲುಗಾರ ಓಡಿಬಂದ. ಸಂಘದ ಹನ್ನೊಂದು ಮಂದಿ ಹೆಂಗಸರು ತಟ್ಟಲಿಲ್ಲ. ಕೈಗಳನ್ನು ಮೇಲೆತ್ತಿ, ಮುಂಗೈ ತುಂಬಿದ ಹಸಿರು ಬಳೆಗಳನ್ನು ಘಲ್ಲೆಂದು ಅಲುಗಿಸಿದರು. ಇಡೀ ಸಭೆ ತಲೆಯೆತ್ತಿ ನೋಡಿತು.