ಚಾಂದನಿಯ ಕಿವಿಯಲ್ಲಿದ್ದ ವೈದ್ಯರು

ಕುದುರೆಜ್ವರಕ್ಕೆ ಔಷಧಿಗಳೆಲ್ಲ ಸೋತ ಮೇಲೆ ಸರ್ಕಾರ ಉಣ್ಣಿಗಳನ್ನೇ ವೈದ್ಯರನ್ನಾಗಿ ನೇಮಿಸಿತ್ತು. ಹೀರಿದ ರಕ್ತದಲ್ಲಿನ ರೋಗಾಣುಗಳನ್ನು ಹೊಟ್ಟೆಯಲ್ಲೇ ಕೊಂದು, ಅವು ಎಂಜಲಿನ ಮೂಲಕ ಕುದುರೆಗೆ ಮದ್ದು ಮರಳಿಸುತ್ತಿದ್ದವು.

ಟಾಂಗಾ ಹೊಡೆಯುವ ದಸ್ತಗೀರ್ ತಾಯಿಯೊಂದಿಗೆ ತನ್ನ ಕುದುರೆ ಚಾಂದನಿಯನ್ನು ಆಸ್ಪತ್ರೆಗೆ ತಂದಾಗ ಅದರ ಕಾಲು ನಡುಗುತ್ತಿತ್ತು. ಡಾಕ್ಟರು ಅದರ ಕಿವಿ ಮಡಿಚಿ ನೋಡಿದರು.

“ಮೊನ್ನೆ ಕೂರಿಸಿದ್ದ ಉಣ್ಣಿಗಳು ಎಲ್ಲಪ್ಪಾ?”

“ಅಮ್ಮಿ ಕಿತ್ತುಬಿಟ್ರು ಸಾರ್. ಕುದುರೆ ಅಂದ್ರೆ ಪ್ರಾಣ ಅವರಿಗೆ.”

“ಭೇಷ್! ಪ್ರೀತಿ ಹೆಚ್ಚಾಗಿ ಡಾಕ್ಟರುಗಳನ್ನೇ ಕುಕ್ಕಿ ಸಾಯಿಸಿದ್ದಾರೆ. ಹೊಸಬರು ಬರೋದು ಮುಂದಿನ ವಾರ. ಮೈಮೇಲೆ ಒಂದಾದ್ರೂ ಉಳಿದಿದ್ರೆ ಇದು ಬದುಕುತ್ತೆ, ಹುಡುಕು.”

ಡಾಕ್ಟರೂ ದಸ್ತಗೀರನೂ ಕೂದಲು ಬಿಡಿಸಿ ಹುಡುಕತೊಡಗಿದರು. ಬಾಲದ ಬಳಿ ನಿಂತಿದ್ದ, ಕಿವಿ ಕೇಳದ ಅಮ್ಮಿ ಹಿಗ್ಗಿನಿಂದ ಕೂಗಿದರು.

“ಸಾಬ್, ಇಲ್ಲೊಬ್ಬ ಕಳ್ಳ ಅಡಗಿದ್ದ!”

ಅವರ ಹೆಬ್ಬೆರಳಿನ ಉಗುರು ಆಗಲೇ ಕೆಂಪಾಗಿತ್ತು.