ಫ್ರೀಜರಿನಲ್ಲಿ ಕಾಡಿನ ಮಣ್ಣು

ಲ್ಯಾಬಿನ ಫ್ರೀಜರ್ ಕೈಕೊಟ್ಟದ್ದು ಭಾನುವಾರ. ಜರ್ಮನಿಯಲ್ಲಿ ಭಾನುವಾರ ಯಾವ ಅಂಗಡಿ ತೆರೆದಿರುತ್ತದೆ, ಯಾವ ಮೆಕ್ಯಾನಿಕ್ಕು ಫೋನ್ ಎತ್ತುತ್ತಾನೆ? ನೂರೈನ್ ಐಸ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಸ್ಸಿಳಿದು ಓಡಿದಳು. ಅವಳ ಮನೆಯ ಫ್ರಿಜ್ಜಿನಲ್ಲಿ ಐಸ್ ಟ್ರೇ ಇಡುವಷ್ಟೇ ಜಾಗ. ಎದುರು ಮನೆಯ ಸಂಜನಾಳ ಬೆಲ್ ಒತ್ತಿದಳು.

ಪೆಟ್ಟಿಗೆಯಲ್ಲಿದ್ದದ್ದು ಅರವತ್ತು ಪೊಟ್ಟಣ ಮಣ್ಣು, ಊರಾಚೆಯ ಜವುಗಿನ ಆಲ್ಡರ್ ಮರಗಳ ಕಾಡಿನದು. ಆ ಮರದ ಬೇರು ಬಿಟ್ಟರೆ ಬೇರೆಲ್ಲೂ ಬದುಕದ ಶಿಲೀಂಧ್ರಗಳು ಅದರಲ್ಲಿದ್ದವು. ನೂರೈನ್‌ಳ ಪಿಎಚ್‌ಡಿ ನಿಂತಿದ್ದೇ ಅವುಗಳ ಮೇಲೆ; ಮಂಜು ಕರಗಿದರೆ ಅವು ಕೆಟ್ಟುಹೋಗುತ್ತಿದ್ದವು. ಮೂರು ವರ್ಷ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಸೊಳ್ಳೆಗಳಿಗೆ ಧಾರಾಳವಾಗಿ ರಕ್ತದಾನ ಮಾಡಿ ಕೂಡಿಸಿದ್ದಳು.

ಸಂಜನಾ ಧಾರವಾಡದವಳು, ಕಾರು ಕಂಪನಿಯಲ್ಲಿ ಎಂಜಿನಿಯರ್. ಮುಚ್ಚಳ ತೆಗೆದು ನೋಡಿ, ಮಣ್ಣು ತಾನೇ, ಮತ್ತೆ ಅಗೆದು ತಂದರಾಯಿತಲ್ಲ ಎಂದಳು.

“ಆ ಗಿಡಾನ ಇಲ್ಲಕ್ಕಾ ಈಗ. ರೋಗ ಬಂದು ಎಲ್ಲಾ ಒಣಗಿ ಹ್ವಾದವು. ಇಷ್ಟ ಸ್ಯಾಂಪಲ್ ಉಳದಾವು.”

ಸಂಜನಾ ತನ್ನ ಫ್ರೀಜರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ತೆಂಗಿನ ತುರಿ, ನುಗ್ಗೆಕಾಯಿ, ಬಟಾಣಿ ಎಲ್ಲ ಎಳೆದೆಳೆದು ಹೊರಗೆ ಹಾಕಿದಳು. ಪೊಟ್ಟಣಗಳನ್ನು ಒತ್ತೊತ್ತಿ ಜೋಡಿಸಿದರೂ ನಾಲ್ಕು ಹೊರಗೇ ಉಳಿದವು. ಒಂದು ಚಪ್ಪಟೆ ಡಬ್ಬಿಯನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಅದರಲ್ಲಿ ಏನಿದೆಯೆಂದು ನೂರೈನ್‌ಗೆ ಗೊತ್ತಿತ್ತು. ಹೋದ ವರ್ಷ ಸಂಜನಾಳ ಅವ್ವ ವಿಜಯಮ್ಮ ಇಲ್ಲಿಗೆ ಬಂದಾಗ ಹೋಳಿಗೆ ಮಾಡಿಟ್ಟು ಹೋಗಿದ್ದರು. ಊರು ಮುಟ್ಟಿದ ತಿಂಗಳಿಗೇ ತೀರಿಕೊಂಡರು. ಉಳಿದ ಎರಡನ್ನು ಸಂಜನಾ ತಾನೂ ತಿಂದಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ.

ನಾಲ್ಕೇ ತಾನೇ, ಹೋದರೆ ಹೋಗಲಿ ಬಿಡಕ್ಕಾ ಎಂದಳು ನೂರೈನ್. ಆದರೆ ಪೊಟ್ಟಣಗಳನ್ನು ಕೈಯಿಂದ ಬಿಡಲಿಲ್ಲ. ಆ ನಾಲ್ಕು ಮೊದಲು ಸತ್ತ ಮರದ ಬುಡದವು.

ಸಂಜನಾ ಡಬ್ಬಿಯನ್ನು ಎತ್ತಿ ಆಚೆಗಿಟ್ಟು, ನಾಲ್ಕೂ ಪೊಟ್ಟಣಗಳನ್ನು ಒಳಗೆ ತುರುಕಿ ಬಾಗಿಲು ಒತ್ತಿ ಮುಚ್ಚಿದಳು. ಒಲೆಯ ಮೇಲೆ ಹಂಚು ಇಟ್ಟು ಎರಡೂ ಹೋಳಿಗೆ ಹಾಕಿದಳು. ಕಲ್ಲಾಗಿದ್ದ ಹೋಳಿಗೆ ಮೆಲ್ಲಗೆ ಮೆತ್ತಗಾಯಿತು, ಬೆಲ್ಲದ ವಾಸನೆ ಮನೆ ತುಂಬಿತು.

ನೂರೈನ್‌ಗೆ ಅಳು ತಡೆಯಲಾಗಲಿಲ್ಲ. ತನ್ನ ಒಂದು ಹಿಡಿ ಕೆಸರಿಗಾಗಿ ಅವ್ವನ ಕೈಯಡುಗೆಯನ್ನು ಹೊರಗೆ ತೆಗೆದವಳಿಗೆ ಏನಂತ ಹೇಳುವುದು?

ಸಂಜನಾ ಒಂದು ಹೋಳಿಗೆ ಅವಳ ತಟ್ಟೆಗೆ ಹಾಕಿ, ಮೇಲೆ ತುಪ್ಪ ಸುರಿದಳು.

“ತಿನ್ನವಾ,” ಎಂದಳು. “ಅವ್ವ ಇದನ್ನ ತಿನ್ನಾಕಂತನ ಮಾಡಿದ್ಲು. ನಾನ ಇಟಗೊಂಡು ಕುಂತಿದ್ದೆ.”