ಶಾಂಭವಿಯ ತೀರ್ಮಾನ

ಬಾಗಿಲಲ್ಲಿ ಎರಡು ಜೊತೆ ಗುರುತಿಲ್ಲದ ಚಪ್ಪಲಿಗಳಿದ್ದವು. ಒಂದು ಯಾರೋ ಮುದುಕಿಯದು, ಹಿಮ್ಮಡಿ ಸವೆದದ್ದು. ಇನ್ನೊಂದು ಗಂಡಸಿನದು, ಹೊಸದು. ಕ್ಲಾಸು ಮುಗಿಸಿ ಬಂದ ಶಾಂಭವಿ ಒಳಗೆ ಹೋಗದೆ ಕಿಟಕಿಯತ್ತ ಸರಿದಳು.

ಒಳಗಿನಿಂದ ಒಗ್ಗರಣೆ ಅವಲಕ್ಕಿಯ ವಾಸನೆ. ಕಿಟಕಿಯಿಂದ ಇಣುಕಿದರೆ ಅಪ್ಪ ಗುರುಸಿದ್ದಯ್ಯ ಇಸ್ತ್ರಿ ಅಂಗಿ ತೊಟ್ಟು ನೆಟ್ಟಗೆ ಕುಳಿತಿದ್ದಾರೆ. ಭಾನುವಾರ ಮಧ್ಯಾಹ್ನ ಬನಿಯನ್ ಬಿಟ್ಟು ಬೇರೇನೂ ತೊಡದ ಅಪ್ಪ!

ಹಿತ್ತಲ ಬಾಗಿಲಲ್ಲಿ ಅವ್ವ ನಾಗರತ್ನಾ ಅವಳ ಕೈಹಿಡಿದು ಎಳೆದುಕೊಂಡಳು.

"ಎಷ್ಟೊತ್ತು ಮಾಡಿದಿ? ಲಗೂನ ಮಾರಿ ತೊಳಕೊಂಡು ಬಾ. ನಿನ್ನ ನೋಡಾಕ ಬಂದಾರ."

"ಯಾರು?"

"ಎಲ್ಲಾ ಆಮ್ಯಾಲ ಹೇಳತೇನಿ. ಚಂದಂಗ ಮಾತಾಡು, ಸಾಕು."

ಶಾಂಭವಿಯ ಬ್ಯಾಂಕ್ ಪರೀಕ್ಷೆಗೆ ಉಳಿದದ್ದು ಮೂರೇ ತಿಂಗಳು. ಗಬ್ಬೂರಿನಿಂದ ದೇಶಪಾಂಡೆ ನಗರದ ಕ್ಲಾಸಿಗೆ ಎರಡು ಬಸ್ಸು ಬದಲಿಸಬೇಕು; ಓದುವ ಹೊತ್ತೆಲ್ಲ ಬಸ್ಸಿನ ಪಾಲು. ಸಾಲದ್ದಕ್ಕೆ, ಕೊಟ್ಟ ಮಾತಿನಿಂದ ಸರಿಯಾದ ತೀರ್ಮಾನ ತೆಗೆಯುವ ಪ್ರಶ್ನೆಗಳಲ್ಲಿ ಅವಳು ಪ್ರತಿ ಸಲವೂ ಮುಗ್ಗರಿಸುತ್ತಿದ್ದಳು. ಇವತ್ತೂ ರಾಜೀವ ಸರ್ ಅವಳನ್ನೇ ಎಬ್ಬಿಸಿದ್ದರು. 'ಬೆಳಗ್ಗೆ ಓಣಿ ಹಸಿಯಾಗಿತ್ತು. ಇದರಿಂದ ಏನು ತಿಳಿಯುತ್ತದೆ?' ರಾತ್ರಿ ಮಳೆಯಾಗಿದೆ ಎಂದಳು.

"ಹುಬ್ಬಳ್ಳ್ಯಾಗ ಇದ್ದು ಹಿಂಗಂತಿಯಲ್ಲವಾ. ನಳದ ಪೈಪ್ ಒಡದಿರಬಾರದೇನು?" ಎಂದು ಸರ್ ಇಡೀ ಕ್ಲಾಸನ್ನು ನಗಿಸಿದರು. "ಕೊಟ್ಟದ್ದರಾಗ ಏನೈತಿ ಅಷ್ಟ ತಗೋ. ನಿನ್ನ ಮನಸಿನ್ಯಾಗಿಂದು ಸೇರಸಬ್ಯಾಡ."

ಸರಿ. ಚಪ್ಪಲಿ, ಅವಲಕ್ಕಿ, ಇಸ್ತ್ರಿ ಅಂಗಿ, ಮೇಲೆ 'ನೋಡಾಕ ಬಂದಾರ' ಎಂಬ ಅವ್ವನ ಬಾಯಿಮಾತು. ಇದಕ್ಕೆ ಎರಡನೆಯ ಉತ್ತರ ರಾಜೀವ ಸರ್ ಬಳಿಯೂ ಇರಲಾರದು. ಮದುವೆ ಗಟ್ಟಿಯಾದರೆ ಪರೀಕ್ಷೆಯ ಕಥೆ ಅಲ್ಲಿಗೇ ಮುಗಿಯಿತು. ಶಾಂಭವಿ ಮುಖ ತೊಳೆಯಲಿಲ್ಲ. ನೆಟ್ಟಗಿದ್ದ ಜಡೆಯನ್ನೂ ಒಂದಿಷ್ಟು ಕೆದರಿಕೊಂಡು ಚಹದ ತಟ್ಟೆ ಹಿಡಿದು ಹೊರಟಳು.

"ಇವರು ಮುರಿಗೆವ್ವನವರು. ಇವರ ಮಗಾ ಕುಮಾರಸ್ವಾಮಿ," ಎಂದರು ಅಪ್ಪ. ಮಗ ತಲೆ ಎತ್ತದೆ ಅವಲಕ್ಕಿಯಿಂದ ಶೇಂಗಾ ಆರಿಸಿ ತಿನ್ನುತ್ತಿದ್ದ.

"ಕುಂದ್ರವಾ. ನಮ್ಮದು ಮೊದಲ ಹೇಳಿಬಿಡತೇನಿ," ಎಂದಳು ಮುರಿಗೆವ್ವ. "ಹಿಂದ ಇಬ್ರು ಹುಡಿಗ್ಯಾರು ಬಂದಿದ್ರು. ಒಬ್ಬಾಕಿ ನಾಕ ತಿಂಗಳಿಗೇ ಬಿಟ್ಟು ಹೋದ್ಲು. ಇನ್ನೊಬ್ಬಾಕಿನ್ನ ನಾವ ಗಂಟು ಕಟ್ಟಿಸಿ ಕಳಿಸಿದ್ವಿ."

ಶಾಂಭವಿ ಅಪ್ಪನ ಮುಖ ನೋಡಿದಳು. "ಇರತಾವ್ರಿ, ಎಲ್ಲಾ ಕಡೆ ಇರತಾವು," ಎಂದು ಅವರು ತಲೆಯಾಡಿಸುತ್ತಿದ್ದರು. ಕುಮಾರಸ್ವಾಮಿ ಇನ್ನೊಂದು ಶೇಂಗಾ ಹುಡುಕಿದ. ಇಬ್ಬರು ಹೋದರೂ ಈತನಿಗೆ ಶೇಂಗಾದ್ದೇ ಚಿಂತೆ.

"ಅಡಿಗಿ ಬರತೈತೇನವಾ?"

"ಇಲ್ರಿ. ಹಾಲಿಟ್ಟು ಮರೀತೇನಿ. ಹ್ವಾದ ವಾರ ಗ್ಯಾಸ್ ಆರಸೂದ ಮರತಿದ್ದೆ."

ಅಡುಗೆಮನೆಯಲ್ಲಿ ಅವ್ವನಿಗೆ ಕೆಮ್ಮು ಬಂತು. ಇಷ್ಟು ದೊಡ್ಡ ಸುಳ್ಳು ಶಾಂಭವಿ ಹುಟ್ಟಿದಾಗಿನಿಂದ ಹೇಳಿರಲಿಲ್ಲ.

"ರಾತ್ರಿ ಲಗೂನ ಮಲಗತಿಯಿಲ್ಲೋ?"

"ಬೆಳತನಾ ದೀಪಾ ಹಚ್ಚಿ ಓದತೇನ್ರಿ. ಒದರಿ ಓದಿದ್ರನ ನನ್ನ ತಲಿಗೆ ಹತ್ತೂದು."

"ಗೆಳತ್ಯಾರು?"

"ಭಾಳ ಮಂದಿ ಅದಾರ್ರಿ. ನಾ ಎಲ್ಲಿದ್ರ ಎಲ್ಲಾರೂ ಅಲ್ಲೇ."

ಅವಳಿಗಿದ್ದದ್ದು ಒಬ್ಬಳೇ ಗೆಳತಿ, ಪ್ರಾಚಿ. ಅವಳೂ ಕರೆಯದೆ ಬರುವವಳಲ್ಲ.

ಮುರಿಗೆವ್ವ ಚಹದ ಕಪ್ಪನ್ನು ಕೆಳಗಿಟ್ಟಳು. "ನಮ್ಮಲ್ಲೆ ಒಂಬತ್ತಕ್ಕ ಗೇಟ್ ಹಾಕತೇವಿ ನೋಡವಾ."

"ಚಿಂತಿಲ್ರಿ," ಎಂದಳು ಶಾಂಭವಿ. "ಹತ್ತಿ ಇಳೀತೇನಿ."

ಕುಮಾರಸ್ವಾಮಿ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ. ತಾಯಿಯನ್ನು ನೋಡಿದ. ಇಬ್ಬರೂ ಒಟ್ಟಿಗೆ ಎದ್ದರು.

"ಬರ್ತೇವ್ರಿ, ಗುರುಸಿದ್ದಯ್ಯನವರ," ಎಂದಳು ಮುರಿಗೆವ್ವ. "ಹುಡಿಗಿ ಖರೇ ಹೇಳಿದ್ಲು, ಛಲೋ ಆತು. ನಮಗ ಹೊಂದೂದಿಲ್ಲ."

ಬಾಗಿಲು ಮುಚ್ಚಿತು. ಶಾಂಭವಿ ಉಸಿರುಬಿಟ್ಟು, ಉಳಿದ ಅವಲಕ್ಕಿಯನ್ನು ಮುಂದಕ್ಕೆಳೆದುಕೊಂಡಳು. ತೀರ್ಮಾನದ ಪ್ರಶ್ನೆಯೊಂದಕ್ಕೆ ಕೊನೆಗೂ ಅವಳಿಗೆ ಸರಿ ಉತ್ತರ ಸಿಕ್ಕಿತ್ತು.

"ತಪ್ಪು ತಿಳೀಬ್ಯಾಡಪ್ಪಾ," ಎಂದಳು. "ಪರೀಕ್ಷಾ ಮುಗಿಯೂತನಾ ನಂಗ ಮದವಿ ಬ್ಯಾಡ."

"ಮದವಿ ಯಾರದು?" ಅಪ್ಪ ಅಂಗಿಯ ಗುಂಡಿ ಬಿಚ್ಚುತ್ತಿದ್ದವರು ನಿಲ್ಲಿಸಿದರು. "ಆ ಕುಮಾರಸ್ವಾಮಿಗೆ ಸಾಲಿಗೆ ಹೋಗೂ ಎರಡು ಮಕ್ಕಳದಾವು."

ಅವಲಕ್ಕಿ ಶಾಂಭವಿಯ ಬಾಯಲ್ಲೇ ಉಳಿಯಿತು.

"ನಿನ್ನ ಕ್ಲಾಸಿನ ಹಿಂದನ ಅವರ ಮನಿ," ಎಂದರು ಗುರುಸಿದ್ದಯ್ಯ. "ಮ್ಯಾಲಿನ ಖೋಲಿ ಬಾಡಿಗಿ ಕೊಡೂಕಿಂತ ಮೊದಲ ಹುಡಿಗಿನ್ನ ನೋಡಬೇಕಂದಿದ್ರು."